ದಕ್ಷಿಣದ ತುದಿಯಲ್ಲಿ ಕಿವಿಗೊಟ್ಟು ಕುಳಿತ ಗೆಳೆಯ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಕೊನೆಯಲ್ಲಿ ಇನ್ವರ್‌ಕಾರ್ಗಿಲ್ ಎಂಬ ಪಟ್ಟಣವಿದೆ. ಇಲ್ಲಿನ ಹಲವು ಬೀದಿಗಳಿಗೆ ನದಿಗಳ ಹೆಸರು: ಡೀ, ಟೇ, ಎಸ್ಕ್, ಸ್ಪೇ. ಇವು ಯಾವುವೂ ಇಲ್ಲಿ ಹರಿಯುವ ನದಿಗಳಲ್ಲ, ದೂರದ ಸ್ಕಾಟ್ಲೆಂಡಿನವು. ವಲಸೆ ಬಂದವರು ಊರಿನ ನೆನಪಿಗೆ ಇಟ್ಟುಕೊಂಡದ್ದು. ನೆಲ ಸಮತಟ್ಟು, ಗಾಳಿ ಜೋರು. ಮಾತಿನಲ್ಲಿ 'ರ'ಕಾರವನ್ನು ನುಂಗದೆ ಉಚ್ಚರಿಸುವುದು ಇಲ್ಲಿಯವರ ಗುರುತು. ಅವರ ಇಂಗ್ಲಿಷ್ ನಮ್ಮವರ ಕಿವಿಗೆ ಸುಲಭ!

ಶಾರ್ಟ್‌ವೇವ್ ರೇಡಿಯೋ ಹವ್ಯಾಸಿಗಳಿಗೆ ಮಾತ್ರ ಈ ಊರೆಂದರೆ ಆರ್ಥರ್ ಕುಶೆನ್ ಅವರ ಊರು. 1920ರಲ್ಲಿ ಹುಟ್ಟಿದ ಅವರು 1997ರಲ್ಲಿ ತೀರಿಕೊಂಡಾಗ, ಮುಖ ನೋಡದ ಎಷ್ಟೋ ದೇಶಗಳ ಜನ ಹಳೆಯ ಗೆಳೆಯನನ್ನು ಕಳೆದುಕೊಂಡೆವೆಂದು ಮರುಗಿದರು.

ಅವರದು 'ಡಿಎಕ್ಸಿಂಗ್' ಎಂಬ ಹವ್ಯಾಸ. ದೂರದ ನಿಲಯವನ್ನು ಗದ್ದಲದ ನಡುವೆ ಹೆಕ್ಕಿ ಹಿಡಿದು, ಕೇಳಿದ್ದನ್ನು ಹೊತ್ತು, ತರಂಗಾಂತರ ಸಮೇತ ಬರೆದು ಆ ನಿಲಯಕ್ಕೆ ಕಳಿಸಬೇಕು. ವರದಿ ಸರಿಯಾಗಿದ್ದರೆ ಅಲ್ಲಿಂದ ಕ್ಯೂಎಸ್‌ಎಲ್ ಎಂಬ ಚಿತ್ರದ ಕಾರ್ಡು ಬರುತ್ತದೆ. ಕೆಲಸವಿಲ್ಲದವರ ಕಾಲಕ್ಷೇಪ ಎಂದು ಮನೆಮಂದಿ ಗೊಣಗುವಂಥದೇ.

ಎರಡನೆಯ ಮಹಾಯುದ್ಧದಲ್ಲಿ ಈ ಕಾಲಕ್ಷೇಪದ ಬೆಲೆ ತಿಳಿಯಿತು. ಶತ್ರು ದೇಶಗಳ ನಿಲಯಗಳು ತಮ್ಮ ಪ್ರಚಾರದ ನಡುವೆ ಸೆರೆಸಿಕ್ಕ ಸೈನಿಕರ ಹೆಸರುಗಳನ್ನೂ ಅವರು ಮನೆಗೆ ಕಳಿಸಿದ ಸಂದೇಶಗಳನ್ನೂ ಓದುತ್ತಿದ್ದವು. ಕೇಳಲಿ ಎಂದು ಹಾಕಿದ ಗಾಳವೇ ಅದು. ಕುಶೆನ್ ಪ್ರಚಾರವನ್ನು ಬಿಟ್ಟು ಹೆಸರುಗಳನ್ನು ಬರೆದುಕೊಂಡರು. ಆ ಮನೆಗಳಿಗೆ ಸುದ್ದಿ ಮುಟ್ಟಿಸಿದರು. ಮಗ ಇದ್ದಾನೋ ಇಲ್ಲವೋ ತಿಳಿಯದೆ ತಿಂಗಳುಗಟ್ಟಲೆ ಕಾದ ತಾಯಿಗೆ, ಅಪರಿಚಿತನೊಬ್ಬನಿಂದ 'ಇದ್ದಾನೆ' ಎಂಬ ಸುದ್ದಿ! ಕೊರಕೊರ ಸದ್ದಿನಲ್ಲಿ ಒಂದು ಅಕ್ಷರ ತಪ್ಪಿ ಕೇಳಿಸಿದರೂ ಬೇರೊಬ್ಬರ ಮನೆಯಲ್ಲಿ ಸುಳ್ಳು ಆಸೆ ಹುಟ್ಟಿಬಿಡುತ್ತದೆ. ಅದಕ್ಕಿಂತ ಕಠಿಣವಾದ ಪರೀಕ್ಷೆ ಕಿವಿಗೆ ಇನ್ನಾವುದಿದ್ದೀತು?

1950ರ ದಶಕದಲ್ಲಿ ಅವರ ದೃಷ್ಟಿ ಪೂರ್ತಿ ಹೋಯಿತು. ರೇಡಿಯೋ ಬಿಡಲಿಲ್ಲ. ಪತ್ನಿಯ ನೆರವಿನಿಂದ ಪತ್ರವ್ಯವಹಾರ ನಡೆಯಿತು. ರೇಡಿಯೋ ನೆದರ್ಲೆಂಡ್ಸ್‌ನ ಹವ್ಯಾಸಿಗಳ ಕಾರ್ಯಕ್ರಮಕ್ಕೆ ವರ್ಷಗಟ್ಟಲೆ ಶಾಂತಸಾಗರದ ಕಡೆಯ ಸುದ್ದಿ ಕಳಿಸಿದರು. ಯಾವ ನಿಲಯ ಹೊಸದಾಗಿ ಬಂತು, ಯಾವುದು ತರಂಗಾಂತರ ಬದಲಿಸಿತು ಎಂದು ಹೇಳುವ ಆ ಧ್ವನಿಯೇ ಕೇಳುಗರಿಗೆ ಅವರ ಮುಖವಾಯಿತು. 1979ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರು 'ದ ವರ್ಲ್ಡ್ ಇನ್ ಮೈ ಇಯರ್ಸ್', ಎಂದರೆ ನನ್ನ ಕಿವಿಯೊಳಗಿನ ಜಗತ್ತು. ಬ್ರಿಟಿಷ್ ಸಾಮ್ರಾಜ್ಯದ ಎಂಬಿಇ ಗೌರವವೂ ಬಂತು.

ಅವರ ಕಿವಿಗೆ ಊರಿನ ಭೂಗೋಳವೂ ನೆರವಾಯಿತೆನ್ನಬೇಕು. ಇನ್ವರ್‌ಕಾರ್ಗಿಲ್‌ನಿಂದ ಭೂಮಿಯ ನಡುವಿನ ಮೂಲಕ ನೇರವಾಗಿ ಕಡ್ಡಿ ಚುಚ್ಚಿದರೆ ಅದು ಹೊರಬರುವುದು ಸ್ಪೇನ್, ಫ್ರಾನ್ಸ್‌ಗಳ ಪಶ್ಚಿಮದ ಅಟ್ಲಾಂಟಿಕ್ ಸಮುದ್ರದಲ್ಲಿ. ಹಾಗಾಗಿ ಪಶ್ಚಿಮ ಯುರೋಪಿನ ನಿಲಯಗಳು ಹೆಚ್ಚುಕಡಿಮೆ ಕಾಲಡಿಯಲ್ಲೇ ಇವೆ. ಅಲ್ಲಿಂದ ಹೊರಟ ಅಲೆಗಳು ಅಯಾನುಗೋಳಕ್ಕೂ ಸಮುದ್ರಕ್ಕೂ ನಡುವೆ ಪುಟಿಯುತ್ತ, ಗೋಳವನ್ನು ಬೇರೆ ಬೇರೆ ದಿಕ್ಕಿನಿಂದ ಸುತ್ತಿ ಈ ಎದುರು ಬದಿಯಲ್ಲಿ ಮತ್ತೆ ಕೂಡಬಲ್ಲವು. ಹಗಲಿನಲ್ಲಿ ಅಲೆಗಳನ್ನು ಹೀರುವ ಅಯಾನುಗೋಳದ ಕೆಳಪದರ ರಾತ್ರಿ ಕರಗುತ್ತದೆ. ಜೂನ್‌ನ ಚಳಿಗಾಲದಲ್ಲಿ ಇಲ್ಲಿ ರಾತ್ರಿ ಹದಿನೈದು ಗಂಟೆಗೂ ಮಿಕ್ಕಿದ್ದು. ಕೇಳುವವರಿಗೆ ಸುಗ್ಗಿ.

ಪಟ್ಟಣದಿಂದ ದಕ್ಷಿಣಕ್ಕೆ ಬ್ಲಫ್ ಬಂದರಿನ ದಾರಿಯಲ್ಲಿ ಅವರುವಾ ಎಂಬ ಬಯಲಿದೆ. ಮಾವೊರಿ ಭಾಷೆಯಲ್ಲಿ 'ಎರಡು ನದಿ' ಎಂದರ್ಥ. ಹಡಗುಗಳೊಡನೆ ಮಾತನಾಡಲು 1913ರಲ್ಲಿ ಇಲ್ಲಿ ಆರಂಭವಾದ ನಿಸ್ತಂತು ನಿಲಯ 1991ರಲ್ಲಿ ಮುಚ್ಚಿತು. 2008ರಲ್ಲಿ ಅದೇ ಬಯಲಿನ ಕಡೆ ಬಾಹ್ಯಾಕಾಶ ನೌಕೆಗಳ ಸಂಕೇತ ಹಿಡಿಯುವ ಕೇಂದ್ರ ಬಂತು. ಬ್ಲಫ್‌ನಲ್ಲಿ ರಸ್ತೆ ಮುಗಿಯುವ ಕಡೆ ಹಳದಿ ಕೈಕಂಬವೊಂದು ಲಂಡನ್, ನ್ಯೂಯಾರ್ಕ್, ಟೋಕಿಯೋಗಳತ್ತ ಬೆರಳು ತೋರಿಸುತ್ತದೆ. ಪ್ರವಾಸಿಗರು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕುಶೆನ್‌ಗೆ ಅವೆಲ್ಲ ರೇಡಿಯೋದ ಗುಬುಟು ತಿರುಗಿಸುವಷ್ಟು ದೂರದಲ್ಲಿದ್ದವು.

ರೇಡಿಯೋ ನೆದರ್ಲೆಂಡ್ಸ್ ಮತ್ತು ಕೆನಡಾದ ಶಾರ್ಟ್‌ವೇವ್ ಪ್ರಸಾರಗಳು 2012ರಲ್ಲಿ ನಿಂತವು. ನೆರೆಯ ರೇಡಿಯೋ ಆಸ್ಟ್ರೇಲಿಯಾ 2017ರ ಜನವರಿ 31ರಂದು ಶಾರ್ಟ್‌ವೇವ್ ಬಿಟ್ಟಿತು. ಅಷ್ಟು ಮೌನ ಕೇಳಲು ಕುಶೆನ್ ಇರಲಿಲ್ಲ.

ಇನ್ವರ್‌ಕಾರ್ಗಿಲ್‌ನಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರದ ಡನೀಡನ್‌ನಲ್ಲಿ, ಒಟಾಗೋ ವಿಶ್ವವಿದ್ಯಾಲಯದ ಹಾಕನ್ ಗ್ರಂಥಾಲಯದಲ್ಲಿ, ನ್ಯೂಜಿಲೆಂಡ್ ರೇಡಿಯೋ ಡಿಎಕ್ಸ್ ಲೀಗಿನ ಸಂಗ್ರಹವಿದೆ. ಕೇಳುಗರಿಗೆ ಬಂದ ಬಣ್ಣಬಣ್ಣದ ಕಾರ್ಡುಗಳು: ಗೋಪುರಗಳು, ಧ್ವಜಗಳು, ಹಕ್ಕಿಗಳು. ದೃಷ್ಟಿ ಹೋದ ಮೇಲೆ ಕುಶೆನ್ ಅವರ ಮನೆಗೆ ಬಂದ ಇಂಥ ಕಾರ್ಡುಗಳಲ್ಲಿ ಒಂದನ್ನೂ ಅವರು ನೋಡಲಾಗಲಿಲ್ಲ.