ಬಾಡದಲ್ಲಿ ಮೂರು ದಿನ

ಗತ ವೈಶಾಖಮಾಸದಲ್ಲಿ ನಾವು ಸಪತ್ನೀಕರಾಗಿ ಕುಮಟೆಯ ಸಮೀಪದ ಬಾಡಕ್ಕೆ ಹೋಗಿದ್ದೆವು. ಬೇಸಗೆಯಲ್ಲಿ ಜನರು ತಂಪನ್ನರಸಿ ಘಟ್ಟವನ್ನೇರುವುದು ವಾಡಿಕೆ. ನಾವು ಶಿರಸಿಯಿಂದ ಕೆಳಕ್ಕಿಳಿಯುವುದನ್ನು ಕಂಡು ನೆರೆಯವರು ನಕ್ಕರು. ಆದರೆ ಪೂರ್ವವಿದ್ಯಾರ್ಥಿಯೊಬ್ಬನ ಕರೆ ಬಂದಿತ್ತು. "ಮಾಸ್ತರೇ, ತಾವೊಮ್ಮೆ ಬಂದು ನಮ್ಮ ಆಯಿಗೆ ಬುದ್ಧಿ ಹೇಳಬೇಕು" ಎಂದು ಅವನು ಬರೆದಿದ್ದನು. ನಿವೃತ್ತನಾದ ಮಾಸ್ತರನನ್ನು ಬುದ್ಧಿ ಹೇಳಲು ಕರೆಯುವವರು ಈಗ ಯಾರಿದ್ದಾರೆ? ಮರುದಿನವೇ ಹೊರಟೆವು.

ದೇವಿಮನೆ ಘಟ್ಟವನ್ನಿಳಿದು ಕುಮಟೆಯನ್ನು ಸೇರುವಷ್ಟರಲ್ಲಿ ಅಂಗಿಯು ಬೆನ್ನಿಗಂಟಿತ್ತು. ಹಿಂದೆ ಇದೇ ದಾರಿಗಳಲ್ಲಿ ಧಾರವಾಡ ಸೀಮೆಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ಇಳಿದು, ಕುಮಟೆಯ ಬಂದರದಿಂದ ಮುಂಬಯಿಗೆ ಸಾಗುತ್ತಿತ್ತು. ಒಂದು ಎಳೆಯನ್ನೂ ಬೆಳೆಯದ ಈ ಊರಿನ ಹೆಸರೇ 'ಕುಮಟಾ ಹತ್ತಿ' ಎಂದು ದೇಶಾಂತರಗಳಲ್ಲಿ ಪ್ರಸಿದ್ಧವಾಯಿತು! 1880ರ ದಶಕದ ಕೊನೆಗೆ ಮುರ್ಮಗೋವೆಯವರೆಗೆ ರೈಲು ಬಂದ ಮೇಲೆ ಆ ವ್ಯಾಪಾರವು ಬೇರೆ ದಾರಿ ಹಿಡಿಯಿತು. ಈಗಿನ ಬೇಸಗೆಯಲ್ಲಿ ಇಲ್ಲಿಯ ಕೀರ್ತಿಯೆಲ್ಲ ಸಿಹಿ ನೀರುಳ್ಳಿಯದು. ಜಡೆಯಂತೆ ಹೆಣೆದು ತೂಗಹಾಕಿದ್ದ ಗೊಂಚಲುಗಳನ್ನು ಕಂಡು ನಮ್ಮ ಮನೆಯವರು ಬಸ್ಸು ಹೊರಡುವುದನ್ನೂ ಮರೆತು ಚೌಕಾಶಿಗೆ ನಿಂತರು.

ಬಾಡವು ತೆಂಗಿನ ನೆರಳಿನ ಊರು. ಪಶ್ಚಿಮಕ್ಕೆ ಸಮುದ್ರ, ಊರೊಳಗೆ ಕಾಂಚಿಕಾ ಪರಮೇಶ್ವರಿಯ ಗುಡಿ, ಉತ್ತರಕ್ಕೆ ಕಾಗಾಲವನ್ನು ದಾಟಿ ನಡೆದರೆ ಅಘನಾಶಿನಿಯ ಅಳಿವೆ. ಶಿಷ್ಯನ ಮನೆಯ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿದ್ದಿತು. ಆಯಿಯು ಮುರುಗಲು ಪಾನಕವನ್ನು ಕೊಟ್ಟು, ನಾವು ಅದನ್ನು ಕುಡಿದು ಮುಗಿಸುವ ಮೊದಲೇ, "ಮಾಸ್ತರೇ, ನನ್ನ ಮಗನಿಗೆ ತಾವೇ ಬುದ್ಧಿ ಹೇಳಬೇಕು" ಎಂದರು. ನಾವು ಯಾರ ಪಕ್ಷದ ವಕೀಲರೆಂಬುದೇ ನಮಗೆ ತಿಳಿಯದಾಯಿತು.

ವಿವಾದವು ಗಜನಿಯದು. ಘಟ್ಟದ ಮೇಲಿನ ವಾಚಕರಿಗಾಗಿ ಸ್ವಲ್ಪ ವಿವರಿಸುವೆವು. ಭರತದಲ್ಲಿ ಸಮುದ್ರದ ನೀರು ಹೊಳೆಯೊಳಗೆ ಬಹುದೂರ ನುಗ್ಗುತ್ತದೆ. ಅದನ್ನು ಒಡ್ಡು ಕಟ್ಟಿ ತಡೆದ ತಗ್ಗಿನ ಗದ್ದೆಯೇ ಗಜನಿ. ಮಳೆಯು ನೆಲದ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಮೊಳಕೆ ಬರಿಸಿದ 'ಕಗ್ಗ' ಭತ್ತವನ್ನು ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ಸಹಿಸುವ ಈ ಭತ್ತಕ್ಕೆ ಗೊಬ್ಬರ ಬೇಡ. ತೆನೆಯನ್ನು ಮಾತ್ರ ಕೊಯ್ದು ದಂಟನ್ನು ಬಿಟ್ಟರೆ, ಅನಂತರ ಒಳಗೆ ಬಿಟ್ಟ ಉಪ್ಪುನೀರಿನಲ್ಲಿ ಅದೇ ಮೀನು ಸೀಗಡಿಗಳಿಗೆ ಆಹಾರ. ಒಂದೇ ನೆಲವು ಅರ್ಧವರ್ಷ ಗದ್ದೆ, ಅರ್ಧವರ್ಷ ಮೀನಿನ ಕೆರೆ. ಇದನ್ನು ಯೋಚಿಸಿದವರು ಯಾವ ಪಾಠಶಾಲೆಗೂ ಹೋದವರಲ್ಲ.

ಇವರ ಒಡ್ಡು ಕಳೆದ ಮಳೆಗಾಲಕ್ಕೆ ಮುಂಚೆ ಒಡೆದು ಕಳೆದ ವರ್ಷ ಬಿತ್ತನೆಯಾಗಿರಲಿಲ್ಲ. ಈಗ ಸೀಗಡಿಯ ವ್ಯಾಪಾರಿಯೊಬ್ಬನು ಮೂರು ವರ್ಷಗಳ ಗೇಣಿಯನ್ನು ಮುಂಗಡವಾಗಿ ಕೊಡಲು ಸಿದ್ಧನಿದ್ದನು. ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುವ ಶಿಷ್ಯನಿಗೆ ಅದು ಹಿತವೆನಿಸಿತ್ತು. ಅದೇ ಒಡ್ಡಿನೊಳಗಿನ ಇನ್ನು ಮೂರು ಮನೆಯವರು ಅವನ ಮಾತಿಗಾಗಿ ಕಾದಿದ್ದರು. ಆದರೆ ಆಯಿಯ ಬಳಿ ಒಂದು ಮುಡಿ ಕಗ್ಗದ ಬೀಜವಿತ್ತು. ಎರಡು ವರ್ಷದ ಹಳೆಯ ಬೀಜ. ಈ ವರ್ಷವೂ ಬಿತ್ತದಿದ್ದರೆ ಮುಂದೆ ಮೊಳೆಯಲಾರದು. "ಅತ್ತೆಯ ಕೈಯಿಂದ ನನ್ನ ಕೈಗೆ ಬಂದದ್ದು" ಎಂದಷ್ಟೇ ಅವರು ಹೇಳಿದರು.

"ಅದು ಆಗಲೇ ಸತ್ತಿದೆ, ಆಯೀ" ಎಂದನು ಮಗ.

ಸತ್ತಿದೆಯೋ ಇಲ್ಲವೋ ಎಂಬುದು ವಾದದಿಂದ ತಿಳಿಯುವಂಥದಲ್ಲ. ನೂರು ಕಾಳನ್ನೆಣಿಸಿ ನೆನೆಯಿಡಿರೆಂದು ನಾವು ಹೇಳಿದೆವು. ಆ ಸಂಜೆಯೇ ನೆನೆಯಿಟ್ಟು, ಮರುದಿನ ಒದ್ದೆಬಟ್ಟೆಯಲ್ಲಿ ಕಟ್ಟಿ ಒಲೆಯ ಮಗ್ಗುಲಲ್ಲಿರಿಸಿದರು.

ನಡುವಿನ ದಿನಗಳಲ್ಲಿ ಶಿಷ್ಯನು ನಮ್ಮನ್ನು ಹೊಳೆಗೆ ಕರೆದೊಯ್ದನು. 'ಅಘ'ವೆಂದರೆ ಪಾಪ, ಅದನ್ನು ನಾಶಮಾಡುವವಳು ಅಘನಾಶಿನಿ. ನಮ್ಮ ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕುವ ಈಕೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಹುಟ್ಟಿದಲ್ಲಿ ದಾಟಿಬಿಡಬಹುದಾದ ತೊರೆಯನ್ನು ಇಲ್ಲಿ ಆಚೆದಡವು ಮಸುಕಾಗುವಷ್ಟು ಅಗಲವಾಗಿ ಕಂಡಾಗ, ಚಿಕ್ಕಂದಿನಲ್ಲಿ ಕಂಡ ಹುಡುಗಿಯನ್ನು ತುಂಬಿದ ಸಂಸಾರದ ನಡುವೆ ಕಂಡಂತಾಯಿತು. ಇಳಿತದ ವೇಳೆ, ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಕೆಸರಿನಿಂದ ಚಿಪ್ಪಿಯನ್ನು ಬಾಚುತ್ತಿದ್ದರು. ಆಚೆ ತದಡಿ, ಅದರಾಚೆ ಸಾಣಿಕಟ್ಟೆಯ ಆಗರಗಳಲ್ಲಿ ಇದೇ ನೀರು ಬಿಸಿಲಿಗೆ ಉಪ್ಪಾಗುತ್ತದೆ. ಈ ಅಳಿವೆಯ 4801 ಹೆಕ್ಟೇರು 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತೆಂದು ನಾವು ಹರ್ಷದಿಂದ ಹೇಳಲು, ಶಿಷ್ಯನು, "ಪಟ್ಟಿಯಿಂದ ಒಡ್ಡು ಕಟ್ಟಿದಂತಾಗುವುದಿಲ್ಲ, ಮಾಸ್ತರೇ" ಎಂದನು. ಒಡೆದ ಜಾಗವನ್ನು ತೋರಿಸಿದನು. ನಾಲ್ಕಾಳಿನ ಅಗಲವಷ್ಟೇ. ಅವನು ಅದನ್ನು ಹೆಜ್ಜೆಯಿಂದಳೆಯುತ್ತ ಎರಡು ಸಲ ಅತ್ತಿತ್ತ ನಡೆದುದನ್ನು ನಾವು ಕಂಡೂ ಕಾಣದಂತಿದ್ದೆವು.

ನಾಲ್ಕನೆಯ ಬೆಳಗ್ಗೆ ಆಯಿಯು ಗಂಟನ್ನು ಬಿಚ್ಚಿ ಬಾಳೆಲೆಯ ಮೇಲೆ ಹರವಿದರು. ಕನ್ನಡಕವನ್ನು ಒರಸಿಕೊಂಡು ಎಣಿಸಿದೆವು. ವೃತ್ತಿಯ ಚಾಳಿಯಂತೆ ಇನ್ನೊಮ್ಮೆ ಎಣಿಸಿದೆವು. ಬಿಳಿಯ ಮೂತಿಯನ್ನು ಹೊರಚಾಚಿದವು ನಲವತ್ತೊಂದು. ಅರ್ಧಕ್ಕೂ ಕಡಮೆಯೆಂದು ನಮಗೆ ಮುಖವೆತ್ತಲು ಸಂಕೋಚವಾಯಿತು.

ಶಿಷ್ಯನು ಬಹಳ ಹೊತ್ತು ಎಲೆಯನ್ನೇ ನೋಡುತ್ತಿದ್ದನು. "ಪಾಸಾಗಲು ಮೂವತ್ತೈದು ಸಾಕಲ್ಲವೇ, ಮಾಸ್ತರೇ? ನನ್ನ ಗಣಿತದಲ್ಲಿ ಬಂದದ್ದೂ ಇಷ್ಟೇ" ಎಂದನು. ನಿಜವಾಗಿ ಬಂದದ್ದು ಮೂವತ್ತೆರಡು. ಉಳಿದ ಮೂರನ್ನು ಸೇರಿಸಿದವರು ಯಾರೆಂಬುದನ್ನು ನಾವು ಅಲ್ಲಿಯೂ ಹೇಳಲಿಲ್ಲ.

"ಒತ್ತಾಗಿ ಬಿತ್ತಿದರೆ ಅರ್ಧ ಗದ್ದೆಗಾಗುತ್ತದೆ" ಎಂದರು ಆಯಿ.

ನಮ್ಮ ಬಸ್ಸಿನ ಹೊತ್ತಿಗೆ ಶಿಷ್ಯನು ಕಳುಹಿಕೊಡಲು ಬರಲಿಲ್ಲ. ಆಗ ಇಳಿತವಿದ್ದಿತು, ಆ ಮೂರು ಮನೆಯವರೊಡನೆ ಒಡ್ಡಿನ ಮೇಲೆ ನಿಂತಿದ್ದನಂತೆ. ಆಯಿಯೇ ಬಂದು ಹಪ್ಪಳದ ಕಟ್ಟನ್ನು ನಮ್ಮ ಮನೆಯವರ ಚೀಲದಲ್ಲಿ, ನೀರುಳ್ಳಿಯ ಮೇಲೆ ನಜ್ಜಾಗದಂತೆ ಇರಿಸಿದರು.