ಎರಡೇ ಸಲ

2019ರಲ್ಲಿ ಆಫೀಸಿನ ಕೆಲಸಕ್ಕೆ ಅಂತ ಏಳು ತಿಂಗಳು ಕೋಲ್ಕತ್ತದಲ್ಲಿದ್ದೆ. ಮನೆ ಗರಿಯಾಹಾಟ್‌ನಲ್ಲಿ, ಆಫೀಸು ಎಸ್‌ಪ್ಲನೇಡ್ ಹತ್ತಿರ. ಎರಡರ ನಡುವೆ 25ನೇ ನಂಬರಿನ ಟ್ರಾಮ್ ಓಡುತ್ತಿತ್ತು. ಟಿಕೆಟ್ಟಿಗೆ ಹತ್ತು ರೂಪಾಯಿಯೂ ಇರಲಿಲ್ಲ. ನಾನು ಹತ್ತಿದ್ದು ಎರಡೇ ಸಲ. ಮೊದಲನೇ ಸಲ ಫೋಟೋ ತೆಗೆಯೋಕೆ, ಎರಡನೇ ಸಲ ಊರಿಂದ ಬಂದ ಅಪ್ಪನಿಗೆ ತೋರಿಸೋಕೆ. ಉಳಿದ ದಿನವೆಲ್ಲ ಎಸಿ ಕ್ಯಾಬು.

ಅಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದು ರಿಟೈರ್ ಆದವರು. ಟ್ರಾಮ್ ಹತ್ತಿದ ಮೇಲೂ ಅವರ ಕಣ್ಣು ಕಿಟಕಿಯಾಚೆಯ ತಂತಿ ಮೇಲೇ.

"ನೋಡೋ, ಬ್ಯಾಟರಿ ಇಲ್ಲ, ಡೀಸೆಲ್ ಇಲ್ಲ. ತಂತಿಯಿಂದ ಬಂತು, ಮೋಟಾರಿಗೆ ಹೋಯ್ತು, ಅಷ್ಟೇ."

1873ರಲ್ಲಿ ಕುದುರೆ ಎಳೆಯುತ್ತಿದ್ದ ಈ ಟ್ರಾಮಿಗೆ ಕರೆಂಟು ಬಂದದ್ದು 1902ರಲ್ಲಿ ಅಂದೆ. ಅಪ್ಪ ಖುಷಿಯಾಗಿಬಿಟ್ಟರು. "ನಮ್ಮ ಶಿವನಸಮುದ್ರದ ಕರೆಂಟು ಕೆಜಿಎಫ್‌ಗೆ ಹೋದದ್ದೂ ಅದೇ ವರ್ಷ!"

"ಆದ್ರೆ ಅಪ್ಪಾ, ಇಲ್ಲಿನ ಕರೆಂಟು ಬಹಳಷ್ಟು ಕಲ್ಲಿದ್ದಲಿಂದಲೇ ಅಲ್ವಾ?"

"ಹೌದು, ಹೊಗೆ ಪವರ್ ಹೌಸಿನ ಚಿಮಣಿಯಲ್ಲಿದೆ. ಮಕ್ಕಳು ಸ್ಕೂಲಿಗೆ ಹೋಗೋ ರಸ್ತೆಯಲ್ಲಿಲ್ಲ. ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ, ಸಲೀಸಾಗಿ ಉರುಳತ್ತೆ. ಕಮ್ಮಿ ಕರೆಂಟಲ್ಲಿ ಜಾಸ್ತಿ ಜನ. ಟೈರ್ ಸವೆದು ಏಳೋ ಧೂಳೂ ಇಲ್ಲ. ನಾಳೆ ಸೋಲಾರ್ ಬಂತು ಅಂದ್ಕೋ, ಗಾಡಿ ಬದಲಾಯಿಸೋದೇ ಬೇಡ."

ಅಷ್ಟರಲ್ಲಿ ಟ್ರಾಮ್ ನಿಂತಿತು. ಮುಂದೆ ಹಳಿ ಮೇಲೇ ಕಾರುಗಳ ಸಾಲು. ಟ್ರಾಮಿಗೆ ಪಕ್ಕಕ್ಕೆ ಸರಿಯೋಕೆ ಬರಲ್ವಲ್ಲ. ಹತ್ತು ನಿಮಿಷ ಆಯ್ತು.

"ಇದ್ರಲ್ಲಿ ಹೋದ್ರೆ ಆಫೀಸು ಮುಟ್ಟಿದ ಹಾಗೇ," ಅಂತ ಗೊಣಗಿದೆ.

ಅಪ್ಪ ಕಾರುಗಳ ಕಡೆ ಕೈ ತೋರಿಸಿದರು. ಬಹುತೇಕ ಎಲ್ಲದರಲ್ಲೂ ಒಬ್ಬೊಬ್ಬರೇ. "ತಡ ಮಾಡ್ತಿರೋದು ಯಾರೋ?"

2024ರ ಸೆಪ್ಟೆಂಬರಿನಲ್ಲಿ ಸುದ್ದಿ ಬಂತು: ಮೈದಾನ–ಎಸ್‌ಪ್ಲನೇಡ್ ನಡುವಿನ ಒಂದು ತುಂಡು ಬಿಟ್ಟು ಉಳಿದ ಟ್ರಾಮ್ ನಿಲ್ಲಿಸ್ತಾರಂತೆ. ನಿಧಾನ, ಟ್ರಾಫಿಕ್ ಜಾಮ್ ಆಗತ್ತೆ ಅನ್ನೋದು ಕಾರಣ. ನನ್ನ ಹಳೇ ಫೋಟೋ ಹುಡುಕಿ, ಒಡೆದ ಹೃದಯದ ಚಿತ್ರ ಹಾಕಿ ಸ್ಟೇಟಸ್ ಇಟ್ಟೆ. ಕೋಲ್ಕತ್ತದ ಹಳೇ ಟೀಮಿನ ಹುಡುಗಿ ಮೆಸೇಜ್ ಮಾಡಿದಳು: "ದಾದಾ, ನೀವು ಎಷ್ಟು ಸಲ ಹತ್ತಿದ್ರಿ?"

ಉತ್ತರ ಕೊಡಲಿಲ್ಲ.

ಆಗ ನಾನು ಬೆಂಗಳೂರಲ್ಲಿ ಎಲೆಕ್ಟ್ರಿಕ್ ಕಾರು ತಗೊಂಡು ಆರು ತಿಂಗಳು. ಹಸಿರು ನಂಬರ್ ಪ್ಲೇಟ್ ನೋಡಿದಾಗೆಲ್ಲ ಪರಿಸರಕ್ಕೆ ಏನೋ ಉಪಕಾರ ಮಾಡಿದ ಹೆಮ್ಮೆ. ಆ ಸಂಜೆ ಸಿಲ್ಕ್ ಬೋರ್ಡ್ ಜಾಮಲ್ಲಿ ಲೆಕ್ಕ ಹಾಕಿದೆ. ಸೀಟು ಐದು, ಕೂತವನು ನಾನೊಬ್ಬ. ನನ್ನನ್ನು ಹೊರೋಕೆ ಕ್ವಿಂಟಾಲ್‌ಗಟ್ಟಲೆ ಬ್ಯಾಟರಿ. ಹೊಗೆ ಇಲ್ಲ, ನಿಜ. ಆದರೆ ರಸ್ತೆಯಲ್ಲಿ ಪೆಟ್ರೋಲ್ ಕಾರಿನಷ್ಟೇ ಜಾಗ. ಹಿಂದೆ ಒಂದು ಬಿಎಂಟಿಸಿ ಎಲೆಕ್ಟ್ರಿಕ್ ಬಸ್ಸು ತುಂಬ ಜನರನ್ನು ಹೊತ್ತು, ನಾನು ಸರಿಯಲಿ ಅಂತ ಕಾಯ್ತಾ ಇತ್ತು.

ಈಗ ವಾರಕ್ಕೆ ಮೂರು ದಿನ ಬಸ್ಸಲ್ಲೇ ಹೋಗ್ತೀನಿ. ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯತ್ತೆ. ಫೋಟೋ ಮಾತ್ರ ಇನ್ನೂ ತೆಗೆದಿಲ್ಲ.