ಮನೆ ಹೊರುವ ಗಾಡಿ

ಬೆನ್ನ ಮೇಲೆ ಪುಟ್ಟ ಮನೆ ಹೊತ್ತು ಊರೂರು ಸುತ್ತುವ ಪಿಕಪ್ ನಮಗೆ ಬೇಕಿತ್ತು. ಮಂಗಳೂರಿನ ಶೋರೂಮುಗಳಲ್ಲಿ ನಾನು ಕೇಳಿದ್ದು ಒಂದೇ: ಎಷ್ಟು ಭಾರ ಹೊರುತ್ತದೆ? ಖಾಲಿ ಮನೆಯ ಭಾರವಷ್ಟೇ ಲೆಕ್ಕವಲ್ಲ. 100 ಲೀಟರ್ ನೀರೇ 100 ಕಿಲೊ! ಮಂಚ, ಒಲೆ, ಸಿಲಿಂಡರ್ ಬೇರೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ಎತ್ತರದ ಹೊರೆ ವಾಲುತ್ತದೆ.

ಟಾಟಾ ಯೋಧ 2.0 ಪಿಕಪ್ 2,000 ಕಿಲೊ ಹೊರುತ್ತದೆ. ಆದರೆ ಸೀಟು ಒಂದೇ ಸಾಲು.

“ಪುಟ್ಟಿ ಎಲ್ಲಿ ಕೂರುವುದು?” ಎಂದಳು ನನ್ನವಳು.

“ಹಿಂದೆ ಮನೆಯಲ್ಲಿ, ಅಜ್ಜಿ!” ಎಂದಳು ಮೊಮ್ಮಗಳು.

ಓಡುವಾಗ ಅಲ್ಲಿ ಯಾರೂ ಕೂರಬಾರದು, ಮಕ್ಕಳೇ!

ಎರಡು ಸಾಲು ಸೀಟಿನ ಪಿಕಪ್ಪನ್ನೇ ಆರಿಸಿದೆವು. ಅದು ಹೊರುವುದು ಕಡಿಮೆ. ಹಾಗಾಗಿ ಮರದ ಮಂಚದ ಬದಲು ಮಡಚುವ ಮಂಚ, ನೀರು 40 ಲೀಟರ್ ಮಾತ್ರ. ಆರ್‌ಟಿಒ ಒಪ್ಪಿಗೆ ಸಿಕ್ಕ ಮೇಲೆ ಮನೆ ಕಟ್ಟಿಸಿ ಮೊದಲು ಬೇಲೂರಿಗೆ, ಮೂವರೂ.